ಅತ್ತೆಯ ಹಿಡಿಶಾಪ

ನಮ್ಮ ಕಡೆಯ ಪತ್ರಿಕೆಗಳಲ್ಲಿ ಹಿಡಿಶಾಪಕ್ಕೆ ಬರವಿಲ್ಲ. ರಸ್ತೆಯಲ್ಲಿ ಗುಂಡಿ ಬಿದ್ದರೆ ಸಾರ್ವಜನಿಕರು ಹಿಡಿಶಾಪ ಹಾಕುತ್ತಾರೆ. ಬಸ್ಸು ತಡವಾದರೆ ಪ್ರಯಾಣಿಕರು ಹಾಕುತ್ತಾರೆ. ಕರೆಂಟು ಹೋದರಂತೂ ಇಡೀ ತಾಲ್ಲೂಕೇ ಹಾಕುತ್ತದೆ. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಕೂತು ಪೇಪರ್ ಓದುವಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತದೆ. ಗುಂಡಿಯ ಮೇಲಲ್ಲ, ವರದಿ ಬರೆದವನ ಮೇಲೆ. ಹಿಡಿಶಾಪ ಹಾಕುವುದನ್ನು ಈ ಪುಣ್ಯಾತ್ಮ ಒಮ್ಮೆಯಾದರೂ ಕಣ್ಣಾರೆ ಕಂಡಿದ್ದಾನೆಯೇ? ಕಂಡಿದ್ದರೆ ಆ ಮಾತನ್ನು ಇಷ್ಟು ಸಲೀಸಾಗಿ ಗುಂಡಿಗೆ ತುಂಬುತ್ತಿರಲಿಲ್ಲ.

ನಾನು ಕಂಡಿದ್ದೇನೆ. ಹಾಕಿದವಳು ನನ್ನ ಅತ್ತೆ, ಅಪ್ಪಯ್ಯನ ಒಬ್ಬಳೇ ತಂಗಿ. ಹಾಕಿಸಿಕೊಂಡವರು ಅಪ್ಪಯ್ಯ. ನಾನಾಗ ಲಂಗ ತೊಡುವ ಹುಡುಗಿ.

ಈಗ ಸಾಗರದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹಳೆಯ ಕಾವ್ಯಗಳಲ್ಲಿ ಶಾಪದ ಪ್ರಸಂಗ ಬಂತೆಂದರೆ ಸಾಮಾನ್ಯವಾಗಿ ಒಬ್ಬ ಋಷಿ ಇರುತ್ತಾನೆ. ಅವನಿಗೆ ಸಿಟ್ಟು ಬರುತ್ತದೆ, ಕಮಂಡಲದ ನೀರನ್ನು ಅಂಗೈಗೆ ಬಗ್ಗಿಸಿಕೊಳ್ಳುತ್ತಾನೆ, ನಾಲ್ಕು ಮಾತು ಆಡಿ ಪ್ರೋಕ್ಷಿಸುತ್ತಾನೆ. ಆಮೇಲೆ ಕಾಲಿಗೆ ಬಿದ್ದರೆ ಕರಗಿ, ವಿಮೋಚನೆಯ ದಾರಿಯನ್ನೂ ತಾನೇ ಹೇಳಿಬಿಡುತ್ತಾನೆ. ಇದೆಲ್ಲ ಮಹಿಮೆಯ ಲೆಕ್ಕಕ್ಕೆ ಸೇರುತ್ತದೆ. ಇನ್ನು ನಮ್ಮ ಸುತ್ತಲಿನ ಶಾಸನಗಳು. ಹುಂಚ, ಕೆಳದಿ ಎಂದು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ತೋರಿಸುವುದುಂಟು. ಭೂಮಿ ದಾನ ಕೊಟ್ಟ ಅರಸನೋ ಪಾಳೆಯಗಾರನೋ ಕೊನೆಯ ಸಾಲುಗಳಲ್ಲಿ ತಪ್ಪದೆ ಬೈಯುತ್ತಾನೆ: ಇದಕ್ಕೆ ಕೈ ಹಾಕಿದವನಿಗೆ ಗೋಹತ್ಯೆಯ ಪಾಪ ಸುತ್ತಿಕೊಳ್ಳಲಿ, ಅವನು ಹೇಲಿನ ಹುಳುವಾಗಿ ಹುಟ್ಟಲಿ. ವಿದ್ವಾಂಸರು ಈ ಸಾಲುಗಳಿಗೆ ಶಾಪಾಶಯ ಎಂದು ಗಂಭೀರವಾದ ಹೆಸರು ಕೊಟ್ಟಿದ್ದಾರೆ. ಅರಸ ಬೈದರೆ ಶಾಪಾಶಯ, ನನ್ನ ಅತ್ತೆ ಬೈದರೆ ಬಾಯಿಬಡುಕತನ. ಈ ವ್ಯತ್ಯಾಸವನ್ನು ಪ್ರಶ್ನೆಪತ್ರಿಕೆಯಲ್ಲಿ ಯಾರೂ ಕೇಳುವುದಿಲ್ಲ.

ಋಷಿಯ ಕೈಯಲ್ಲಿ ನೀರಿತ್ತು, ಅರಸನ ಕೈಯಲ್ಲಿ ಕಲ್ಲುಕುಟಿಗನಿದ್ದ. ಹೆಂಗಸಿನ ಕೈಗೆ ಸಿಕ್ಕುತ್ತಿದ್ದದ್ದು ಕಾಲಡಿಯ ಮಣ್ಣು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು, ಅನ್ಯಾಯ ಮಾಡಿದವನ ಎದುರು ನಿಂತು, ಹೇಳಬೇಕಾದ್ದನ್ನು ಹೇಳಿ ತೂರುವುದೇ ಹಿಡಿಶಾಪ. ಪಂಡಿತರು ಆ ಪದವನ್ನು ಬೇರೆ ರೀತಿಯಲ್ಲಿ ಬಿಡಿಸಿದರೂ ಬಿಡಿಸಬಹುದು. ಬಿಡಿಸಲಿ. ನನಗೆ ಅರ್ಥ ಕಲಿಸಿದ್ದು ನಿಘಂಟಲ್ಲ, ನಮ್ಮ ಮನೆಯ ಅಂಗಳ.

ನನ್ನ ತವರು ಅರಳಸುರಳಿಯ ಹತ್ತಿರ. ಮನೆಯಿಂದ ಸ್ವಲ್ಪ ಕೆಳಗೆ ಒಂದು ಹಳ್ಳ, ಹಳ್ಳದ ಆಚೆ ಒಂದು ಪುಟ್ಟ ಮನೆ. ಅತ್ತೆ ಗಂಡನ ಹೊಡೆತ ತಾಳಲಾರದೆ ಮುರಿದ ಮಣಿಕಟ್ಟು ಹಿಡಿದುಕೊಂಡು ತವರಿಗೆ ಬಂದಾಗ ಅಜ್ಜ ಆ ಮನೆಯನ್ನು ಅವಳಿಗೆ ಬಿಟ್ಟುಕೊಟ್ಟರಂತೆ. ಅಜ್ಜ ಇರುವಷ್ಟು ದಿನ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಅವರು ಹೋದ ಮೇಲೆ ಗಂಡನ ಕಡೆಯವರು ಬಂದು ಹೋಗಲು ಶುರುಮಾಡಿದರು. ಮರ್ಯಾದೆ, ಮನೆತನ, ನೆಂಟಸ್ತಿಕೆ ಎಂದೆಲ್ಲ ಮಾತಾಯಿತು. ಅಪ್ಪಯ್ಯ ತಂಗಿಗೆ ಹೇಳಿದರು, ವಾಪಸು ಹೋಗು ಎಂದು. ಅವಳು ಹೋಗಲಿಲ್ಲ.

ನಮ್ಮ ಕಡೆ ಮಳೆ ಹಿಡಿಯುವ ಮೊದಲು ಪ್ರತಿ ಮನೆಯವರೂ ತಮ್ಮ ತಮ್ಮ ಹಳ್ಳಗಳಿಗೆ ಸಂಕ ಹಾಕುತ್ತಾರೆ. ಸೀಳಿದ ಅಡಿಕೆ ಮರದ ದಬ್ಬೆಗಳನ್ನು ಜೋಡಿಸಿ, ಬಳ್ಳಿಯಲ್ಲಿ ಬಿಗಿದು, ಹಿಡಿದುಕೊಳ್ಳಲು ಒಂದು ಪಕ್ಕ ಬಿದಿರಿನ ಗಳ ಕಟ್ಟಿದರೆ ಸಂಕ ಆಯಿತು. ಮಳೆಗಾಲ ಮುಗಿಯುವವರೆಗೆ ಅದೇ ದಾರಿ. ಜಗಳವಾಡಿದ ದಾಯಾದಿಗಳು ಕೂಡ ಒಬ್ಬರಿಗೊಬ್ಬರು ಸಂಕ ತಪ್ಪಿಸುವುದಿಲ್ಲ. ಆ ವರ್ಷ ಅಪ್ಪಯ್ಯ ಅತ್ತೆಯ ಮನೆಗೆ ಸಂಕ ಹಾಕಿಸಲಿಲ್ಲ. ಬೈಯಲಿಲ್ಲ, ಹೊಡೆಯಲಿಲ್ಲ, ಸಂಕ ಹಾಕಿಸಲಿಲ್ಲ ಅಷ್ಟೆ. ಹಳ್ಳ ತುಂಬಿದ ಮೇಲೆ ಉಪ್ಪಿಗೂ ಎಣ್ಣೆಗೂ ದಾರಿಯಿಲ್ಲದೆ ತಾನೇ ಬಗ್ಗುತ್ತಾಳೆ ಎಂದು ಅವರ ಲೆಕ್ಕಾಚಾರ. ನನ್ನ ಅಪ್ಪಯ್ಯ ಕೆಟ್ಟವರಲ್ಲ ಎಂದು ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕೆಟ್ಟವರಲ್ಲದವರು ಮಾಡುವ ಅನ್ಯಾಯಕ್ಕೆ ಸದ್ದಿರುವುದಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ.

ಅತ್ತೆ ಬಗ್ಗಲಿಲ್ಲ. ಹಳ್ಳಕ್ಕೆ ಹೊಸ ನೀರು ಬಂದ ದಿನ ಸೀರೆ ಎತ್ತಿ ಕಟ್ಟಿ, ತಲೆಯ ಮೇಲೆ ಗಂಟು ಹೊತ್ತು, ಸೊಂಟಮಟ್ಟದ ನೀರಿನಲ್ಲಿ ದಾಟಿ ನೇರ ನಮ್ಮ ಅಂಗಳಕ್ಕೆ ಬಂದಳು. ಗಂಟು ಇಳಿಸಿದಳು. ಬಗ್ಗಿ ಅಂಗಳದ ಹಸಿ ಮಣ್ಣನ್ನು ಮುಷ್ಟಿಗೆ ತುಂಬಿಕೊಂಡಳು. ಜಗುಲಿಯ ಮೇಲೆ ಕೂತಿದ್ದ ಅಪ್ಪಯ್ಯ ಎದ್ದು ನಿಂತರು.

ನಮ್ಮ ಅಜ್ಜಿಗೆ ತಕ್ಷಣ ಅರ್ಥವಾಯಿತು. "ಮಕ್ಕಳನ್ನ ಒಳಗೆ ಎಳ್ಕಳ್ರೇ!" ಎಂದು ಕೂಗಿ, ಅಡುಗೆಮನೆಯಿಂದ ಕಂಚಿನ ತಾಟನ್ನೂ ಸಟ್ಟುಗವನ್ನೂ ಹಿಡಿದು ಓಡಿ ಬಂದು ಬಡಿಯತೊಡಗಿದಳು. ಇದು ನಮ್ಮ ಮನೆಗಳಲ್ಲಿ ನಡೆದುಕೊಂಡು ಬಂದದ್ದು. ಹಿಡಿಶಾಪ ಹಾಕುವಾಗ ಕಂಚು ಬಡಿದರೆ ಮಾತು ಮನೆಯವರ ಕಿವಿಗೆ ಬೀಳುವುದಿಲ್ಲ, ಕಿವಿಗೆ ಬೀಳದ ಶಾಪ ತಾಗುವುದಿಲ್ಲ. ಅಪ್ಪಯ್ಯ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಗೋಡೆಯ ಕಡೆ ತಿರುಗಿದರು. ಅಮ್ಮ ನನ್ನನ್ನೂ ಅಣ್ಣನನ್ನೂ ಕೋಣೆಗೆ ನೂಕಿ ಬಾಗಿಲು ಹಾಕಿದಳು. ನಾನು ಕಿಟಕಿಯ ಸರಳು ಹಿಡಿದು ನೋಡಿದೆ. ಅತ್ತೆಯ ಬಾಯಿ ಆಡುತ್ತಿತ್ತು, ಕುತ್ತಿಗೆಯ ನರ ಉಬ್ಬಿತ್ತು, ಕಂಚಿನ ಸದ್ದಿನ ಹೊರತು ಬೇರೇನೂ ಕೇಳಲಿಲ್ಲ. ಕೊನೆಗೆ ಅವಳು ಮುಷ್ಟಿ ಬಿಚ್ಚಿ ಮಣ್ಣನ್ನು ತೂರಿ, ಗಂಟು ಎತ್ತಿಕೊಂಡು ಬಸ್ಸಿನ ದಾರಿ ಹಿಡಿದಳು. ಹೊಸನಗರದಲ್ಲಿ ಇಳಿದು ಹೊಲಿಗೆ ಕಲಿತು ಬದುಕಿದಳು. ಮತ್ತೆ ನಮ್ಮ ಅಂಗಳ ತುಳಿಯಲಿಲ್ಲ.

ತಾಟು ಬಡಿದದ್ದೇ ನಮ್ಮವರು ಮಾಡಿದ ದೊಡ್ಡ ತಪ್ಪು ಎಂದು ನನಗೆ ದೊಡ್ಡವಳಾದ ಮೇಲೆ ಹೊಳೆಯಿತು. ತಾಗಲಿಲ್ಲ ಎಂಬ ಧೈರ್ಯ ಯಾರಿಗೂ ಬರಲಿಲ್ಲ, ಕೇಳದ ಶಾಪಕ್ಕೆ ಮಿತಿಯೇ ಇರುವುದಿಲ್ಲವಲ್ಲ. ಗಬ್ಬದ ಹಸು ಸತ್ತಾಗ ಅಜ್ಜಿ, "ಅವಳು ಕೊಟ್ಟಿಗೆ ಬರಿದಾಗ್ಲಿ ಅಂದಿದ್ಲು ಕಾಣ್ತದೆ" ಎಂದಳು. ಹಲಸಿನ ಮರಕ್ಕೆ ಸಿಡಿಲು ಹೊಡೆದಾಗ ಸಿಡಿಲನ್ನೂ ಅತ್ತೆಯೇ ಹೇಳಿ ಕಳಿಸಿದ್ದಳು. ಅಣ್ಣನಿಗೆ ಮದುವೆಯಾಗಿ ಬಹಳ ಕಾಲ ಮಕ್ಕಳಾಗದಿದ್ದಾಗ, ಅತ್ತೆ ಅಂದದ್ದು ನಿರ್ವಂಶವಾಗಲಿ ಎಂದೇ ಎಂದು ಮನೆಯಲ್ಲಿ ಎಲ್ಲರಿಗೂ ಖಾತ್ರಿಯಾಯಿತು. ತಡವಾಗಿಯಾದರೂ ಅಣ್ಣನಿಗೆ ಮಗ ಹುಟ್ಟಿದ. ಆದರೂ ಖಾತ್ರಿ ಅಲುಗಲಿಲ್ಲ. ಹೊಸನಗರದಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಸಣ್ಣ ಅಂಗಡಿಯಲ್ಲಿ ಕೂತು ಊರ ಹೆಂಗಸರ ರವಿಕೆ ಹೊಲಿಯುತ್ತಿದ್ದವಳಿಗೆ ತನ್ನ ಹೆಸರಿನಲ್ಲಿ ಇಷ್ಟೆಲ್ಲ ಅನಾಹುತ ಜಮೆಯಾಗಿರುವುದು ಗೊತ್ತೇ ಇರಲಿಲ್ಲ. ನಾನು ಸಾಗರಕ್ಕೂ ತವರಿಗೂ ಓಡಾಡುವಾಗ ಅವಳ ಅಂಗಡಿಯಲ್ಲಿ ಇಳಿಯುತ್ತಿದ್ದೆ. ಅಜ್ಜಿಯ ಸಿಡಿಲಿನ ವಿಷಯ ಹೇಳಿದಾಗ ಅತ್ತೆ ಬಾಯಲ್ಲಿದ್ದ ಗುಂಡುಸೂಜಿ ತೆಗೆದಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಏನು ಹೇಳಿದ್ದೆ ಎಂದು ಕೇಳಿದರೆ ಮಾತ್ರ, "ನಿಮ್ಮಪ್ಪಂಗೆ ಹೇಳಿದ್ದು, ನಿಂಗೆ ಯಾಕೆ?" ಎಂದು ಮಿಶನ್ ತುಳಿಯತೊಡಗುತ್ತಿದ್ದಳು.

ಕಳೆದ ಬೇಸಿಗೆಯಲ್ಲಿ ಅಣ್ಣ ಫೋನು ಮಾಡಿದ. ಅಪ್ಪಯ್ಯನಿಗೆ ಹೃದಯದ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದ್ದರು. ಅಪ್ಪಯ್ಯ ಸುತಾರಾಂ ಒಪ್ಪುತ್ತಿರಲಿಲ್ಲ. ಶಾಪ ಹೊತ್ತುಕೊಂಡು ಹೋಗಿ ಆ ಟೇಬಲ್ಲಿನ ಮೇಲೆ ಮಲಗಿದರೆ ಮತ್ತೆ ಏಳುವುದಿಲ್ಲ ಎಂದು ಅವರ ಹಟ. ಜೋಯಿಸರೊಬ್ಬರನ್ನು ಕೇಳಿದ್ದಕ್ಕೆ ಅವರೂ ಕವಡೆ ಹಾಕಿ, ಮನೆಯ ಹೆಣ್ಣಿನ ಶಾಪವಿದೆ, ಹಾಕಿದವಳೇ ಅದೇ ಅಂಗಳಕ್ಕೆ ಬಂದು ಕೈಯಲ್ಲಿ ನೀರು ಹಿಡಿದು "ಬಿಟ್ಟೆ" ಎನ್ನಬೇಕು ಎಂದಿದ್ದರು.

"ನೀ ಹೇಳಿದ್ರೆ ಅತ್ತೆ ಕೇಳ್ತಾಳೆ. ಒಂದು ಮಾತು ಅಂದ್ರೆ ಮುಗೀತು, ಅವಳ ಗಂಟೇನು ಹೋಗ್ತದೆ?" ಎಂದ ಅಣ್ಣ.

"ಒಂದು ಸಂಕ ಹಾಕಿದ್ರೆ ಮುಗೀತಿತ್ತು. ಅಪ್ಪಯ್ಯನ ಗಂಟೇನು ಹೋಗ್ತಿತ್ತು?" ಎಂದೆ ನಾನು.

"ನಿನ್ನ ಹತ್ರ ಮಾತಾಡೋದೇ ತಪ್ಪು ಮಾರಾಯ್ತಿ. ಅಪ್ಪಯ್ಯ ಸಾಯ್ತಾರೆ, ಗೊತ್ತಾಯ್ತಾ?"

ಗೊತ್ತಾಗಿತ್ತು. ಅಪ್ಪಯ್ಯ ನನಗೆ ಬೇಕು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವರು ಅವರು. ಹುಡುಗಿಗೆ ಇಷ್ಟು ಓದು ಯಾಕೆ ಎಂದ ನೆಂಟರ ಬಾಯಿ ಮುಚ್ಚಿಸಿದವರೂ ಅವರೇ. ಆದರೆ ಮುದುಕಿಯನ್ನು ಎಳೆದುಕೊಂಡು ಬಂದು, ನೀನು ದೊಡ್ಡ ಮನಸ್ಸು ಮಾಡು, ಕ್ಷಮಿಸು ಎಂದು ನಾಲ್ಕು ಜನರ ಮುಂದೆ ಕಣ್ಣೀರು ಹಾಕಿಸುವ ಆಟಕ್ಕೆ ನಾನು ಸೇರುವವಳಲ್ಲ. ಅನ್ಯಾಯ ಆದವರೇ ದೊಡ್ಡ ಮನಸ್ಸನ್ನೂ ಮಾಡಬೇಕು, ಅನ್ಯಾಯ ಮಾಡಿದವರು ಹಾಸಿಗೆಯಲ್ಲಿ ಮಲಗಿ ನರಳಿದರೆ ಸಾಕು ಎಂಬ ಈ ಏರ್ಪಾಡು ಯಾರು ಮಾಡಿದ್ದೋ ಕಾಣೆ.

ಹೊಸನಗರಕ್ಕೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಬರಲೇಬೇಕು ಅಂತ ನಾ ಹೇಳಲ್ಲ ಅತ್ತೆ. ಬರಬೇಡ ಅಂತ ಹೇಳೋಕೂ ನಂಗೆ ಧೈರ್ಯ ಇಲ್ಲ. ಅಪ್ಪಯ್ಯ ಹೋಗಿಬಿಟ್ರೆ ಅಂತ ಹೆದರಿಕೆ."

ಅತ್ತೆ ಕೈಯಲ್ಲಿದ್ದ ರವಿಕೆಯ ತೋಳನ್ನು ಪೂರ್ತಿ ಬಿಚ್ಚಿದಳು. ಆಮೇಲೆ, "ಬರ್ತೀನಿ. ಆದ್ರೆ ನಾ ಬರೋದು ನನ್ನ ಮನೆ ಕಡೆಯಿಂದ. ಸಂಕ ಹಾಕ್ಲಿ" ಎಂದಳು.

ಅಣ್ಣನಿಗೆ ಇದು ಹುಚ್ಚಾಟವಾಗಿ ಕಂಡಿತು. ಹಳ್ಳದಾಚೆಯ ಮನೆ ಬಿದ್ದು ಗೋಡೆಗಳ ಮೇಲೆ ಲಂಟಾನ ಬೆಳೆದಿತ್ತು. ನಮ್ಮ ಮನೆಯ ಬಾಗಿಲಿಗೆ ಡಾಂಬರು ರಸ್ತೆ ಬಂದಿತ್ತು. "ಈ ಬೇಸಿಗೇಲಿ ಹಳ್ಳದಾಗೆ ಕಾಲು ತೊಳೆಯೋಕೂ ನೀರಿಲ್ಲ. ನಡ್ಕಂಡೇ ದಾಟಬಹುದು ಅಂತ ಹೇಳು ಅವಳಿಗೆ" ಎಂದ.

ಹೇಳಿದೆ. ಅತ್ತೆಯ ಉತ್ತರ, "ದಾಟಬಹುದು. ದಾಟಲ್ಲ."

ಕಡೆಗೆ ಅಣ್ಣ ಗೊಣಗುತ್ತಲೇ ಇಬ್ಬರು ಆಳುಗಳನ್ನು ಕರೆದು ಒಂದು ಒಣಗಿದ ಅಡಿಕೆ ಮರ ಸೀಳಿಸಿದ. ಆ ದಿನ ನಾನು ಅತ್ತೆಯನ್ನು ಜೀಪಿನಲ್ಲಿ ಈಚೆಗೆ ಆದ ಕಾಡಿನ ರಸ್ತೆಯಿಂದ ಸುತ್ತಿಸಿಕೊಂಡು ಹಳ್ಳದ ಆಚೆ ದಡಕ್ಕೆ ಕರೆತಂದೆ. ಅವಳು ಬಿದ್ದ ಮನೆಯನ್ನು ಒಂದು ಸುತ್ತು ಹಾಕಿದಳು, ಒಲೆಯಿದ್ದ ಜಾಗವನ್ನು ಕೋಲಿನಿಂದ ಕೆದಕಿ ನೋಡಿದಳು. ಈಚೆ ದಡದಲ್ಲಿ ಅಪ್ಪಯ್ಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಸಂಕ ಮುಕ್ಕಾಲು ಆಗಿತ್ತು. ಕೊನೆಯ ದಬ್ಬೆಯನ್ನು ಆಳು ಎತ್ತಿಕೊಂಡಾಗ ಅಪ್ಪಯ್ಯ, "ಇಲ್ಲಿ ತಾ" ಎಂದು ಎದ್ದರು. ಅಣ್ಣ ಬೇಡ ಬೇಡ ಎನ್ನುತ್ತಾ ರಟ್ಟೆ ಹಿಡಿದುಕೊಂಡ. ದಬ್ಬೆಯ ಭಾರ ಆಳಿನದೇ, ಆದರೆ ಬಳ್ಳಿಯ ಗಂಟು ಹಾಕಿದ್ದು ಅಪ್ಪಯ್ಯ. ಗಂಟು ಜಾರುತ್ತಿತ್ತು, ಮತ್ತೆ ಹಾಕುತ್ತಿದ್ದರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ನನಗೆ ನೋಡಲಾಗದೆ ಓಡಿ ಹೋಗಿ ಸಹಾಯ ಮಾಡೋಣವೆನ್ನಿಸಿತು. ಅತ್ತೆ ನನ್ನ ಸೆರಗು ಹಿಡಿದು ನಿಲ್ಲಿಸಿದಳು.

ಗಂಟು ಬಿಗಿಯಾದ ಮೇಲೆ ಅವಳು ಗಳ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಟ್ಟು ದಾಟಿದಳು. ಅಣ್ಣತಂಗಿ ಎದುರುಬದುರಾದರು. "ಇಳ್ದು ಹೋಗಿದೀಯಲ್ಲೋ" ಎಂದಳು ಅತ್ತೆ. ಅಪ್ಪಯ್ಯ ಮೈ ಒರೆಸುವ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

ಅಂಗಳದಲ್ಲಿ ಜೋಯಿಸರು ಮಣೆ ಹಾಕಿಸಿ, ತಂಬಿಗೆಯಲ್ಲಿ ನೀರು ತುಂಬಿಸಿ ಕಾದಿದ್ದರು. ಊರಿನ ನಾಲ್ಕಾರು ಜನ ಬಂದು ಜಗುಲಿಯಲ್ಲಿ ಕೂತಿದ್ದರು. ಜೋಯಿಸರು ವಿಧಿ ವಿವರಿಸಿದರು: ಅಂದು ಏನು ಅಂದಿದ್ದಿರೋ ಅದನ್ನು ಮನಸ್ಸಿನಲ್ಲಿ ನೆನೆದು, ನೀರು ಬಿಟ್ಟು, ಬಿಟ್ಟೆ ಎನ್ನಿ.

"ಮನಸ್ಸಲ್ಲಿ ಯಾಕೆ? ಬಾಯಲ್ಲೇ ಹೇಳ್ತೀನಿ" ಎಂದಳು ಅತ್ತೆ.

ಜೋಯಿಸರ ಮುಖ ಬಿಳಿಚಿತು. "ಅಯ್ಯೋ, ಮತ್ತೆ ಹೇಳಿದ್ರೆ ಮತ್ತೆ ಹಾಕಿದ ಹಾಗೆ ಆಗ್ತದೆ ಅಮ್ಮಾ."

"ಆಗ್ಲಿ. ಅವತ್ತು ಒಬ್ರೂ ಕೇಳ್ಲಿಲ್ಲ. ತಾಟು ಬಡಿದ್ರು. ಕೇಳದೆ ಇದ್ದಿದ್ದನ್ನ ಹೆಂಗೆ ಬಿಡೋದು? ಮೊದಲು ಕೇಳ್ಲಿ."

ಅಣ್ಣ ರೇಗಿದ. ಅತ್ತಿಗೆ ಮಗನನ್ನು ಒಳಗೆ ಕಳಿಸಲು ಎದ್ದಳು. ಯಾರೋ ಹಿರಿಯರು, ಹೆಂಗಸರಿಗೆ ಇಷ್ಟು ಹಟ ಒಳ್ಳೇದಲ್ಲ ಎಂದರು. ನಾನು ಅವರ ಕಡೆ ತಿರುಗಿ, ಹಟದ ವಿಷಯ ಸಂಕ ಹಾಕದವರ ಹತ್ತಿರ ಮಾತಾಡಿ ಎಂದೆ. ಗಲಾಟೆ ಏಳುವಷ್ಟರಲ್ಲಿ ಅಪ್ಪಯ್ಯ ಕೈ ಎತ್ತಿದರು. "ಎಲ್ರೂ ಸುಮ್ನಿರಿ. ಅವಳು ಹೇಳ್ಲಿ. ಕೇಳ್ತೀನಿ" ಎಂದು ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು.

ಅತ್ತೆ ಬಗ್ಗಿ ಅಂಗಳದ ಮಣ್ಣು ತೆಗೆದುಕೊಂಡಳು. ಬೇಸಿಗೆಯ ಮಣ್ಣು, ಬೆರಳ ಸಂದಿಯಿಂದ ಸೋರುತ್ತಿತ್ತು.

"ಇದು ನನ್ನ ಅಪ್ಪನ ಮಣ್ಣು. ಇಲ್ಲಿ ಹುಟ್ಟಿದೋಳಿಗೆ ಕಾಲಿಡೋಕೆ ನಾಕು ದಬ್ಬೆ ಹಾಕದೋನೇ, ಕೇಳು. ನಾ ನಡೆದು ಹೋಗ್ತೀನಿ. ನನ್ನ ಹೆಜ್ಜೆ ಸದ್ದು ನಿಂಗೆ ಬಿಡದೆ ಕೇಳ್ಲಿ. ಉಣ್ಣೋವಾಗ ಕೇಳ್ಲಿ, ಮಲಗೋವಾಗ ಕೇಳ್ಲಿ, ಮಳೆ ಹಿಡಿದಾಗೆಲ್ಲ ಕೇಳ್ಲಿ. ನಾ ಸುಮ್ನಿದ್ದೆ ಅಂತ ತಾನೆ ನೀ ಹಿಂಗೆ ಮಾಡಿದ್ದು? ನಿನ್ನ ಹೊಟ್ಟೇಲಿ ಹುಟ್ಟಿದ ಮಗಳು ಸುಮ್ನಿರದೆ ಹೋಗ್ಲಿ. ಅವಳ ಬಾಯಿಗೆ ನೀನೂ, ನಿನ್ನ ಮನೇನೂ, ನಿನ್ನ ಊರೂ ಹೆದರಂಗಾಗ್ಲಿ."

ಇಷ್ಟು ಹೇಳಿ ಮಣ್ಣು ತೂರಿದಳು. ಹಸುವಿಲ್ಲ, ಸಿಡಿಲಿಲ್ಲ, ನಿರ್ವಂಶವಿಲ್ಲ. ಅತ್ತಿಗೆ ಮಗನನ್ನು ತಬ್ಬಿಕೊಂಡು ಅಳತೊಡಗಿದಳು. ಇಷ್ಟು ವರ್ಷ ಅವಳು ಹೊತ್ತ ನಿರ್ವಂಶದ ಶಾಪ ಅತ್ತೆಯ ಬಾಯಿಂದ ಹೊರಟದ್ದೇ ಅಲ್ಲ.

ಅಪ್ಪಯ್ಯ, "ಕೇಳಿದೆ" ಎಂದರು. "ಹೆಜ್ಜೆ ಸದ್ದು ಕೇಳ್ತಾನೇ ಇತ್ತು ಕಣೇ. ಮಳೆಗಾಲ ಬಂದ್ರೆ ಸಾಕು. ತಪ್ಪಾಯ್ತು."

ಅತ್ತೆ ತಂಬಿಗೆಯ ನೀರನ್ನು ಅಂಗೈಗೆ ಹಾಕಿಕೊಂಡು ಅಪ್ಪಯ್ಯನ ಕಾಲ ಬಳಿ ಬಿಟ್ಟಳು. "ಹೆಜ್ಜೆ ಸದ್ದು ಬಿಟ್ಟೆ. ನಾಳೆನೇ ಹೋಗಿ ಆಸ್ಪತ್ರೆ ಸೇರ್ಕ. ಸತ್ತು ಗಿತ್ತು ನನ್ನ ಮೇಲೆ ಹೇಳಬೇಡ."

ಜೋಯಿಸರಿಗೆ ಸಮಾಧಾನವಾಗಲಿಲ್ಲ. "ಎರಡನೇದು? ಅದನ್ನೂ ಬಿಟ್ಟುಬಿಡಿ ಅಮ್ಮಾ, ಶೇಷ ಉಳೀಬಾರದು" ಎಂದರು.

"ಅದು ಈಗ ನನ್ನ ಕೈಲಿಲ್ಲ" ಎಂದಳು ಅತ್ತೆ. "ತಗೊಂಡೋಳು ಅಲ್ಲಿ ನಿಂತಿದಾಳೆ. ಅವಳನ್ನ ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ಅಪ್ಪಯ್ಯನ ತುಟಿಯ ಅಂಚಿನಲ್ಲಿ ನಗು ಕಾಣಿಸಿಕೊಂಡಿತ್ತು. ಜೋಯಿಸರು ತಂಬಿಗೆಯನ್ನು ನನ್ನ ಕಡೆ ಚಾಚಿದರು. ಬಿಸಿಲಿಗೆ ನನಗೂ ಗಂಟಲೊಣಗಿತ್ತು. ತಂಬಿಗೆ ಎತ್ತಿ ಇದ್ದ ನೀರನ್ನೆಲ್ಲ ಗಟಗಟ ಕುಡಿದು ಖಾಲಿ ಮಾಡಿ ಅವರ ಕೈಗೆ ವಾಪಸು ಕೊಟ್ಟೆ.

"ಬಿಡಲ್ಲ" ಎಂದೆ.